ದ್ವೇಷದ ನುಡಿಗೂ ಒಂದು ಕಪಾಟು ಬೇಕು

ಗಡಿನಾಡಿನ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಲೇಖನ ಬೇಡಿದಾಗ ಬರೆಯಬೇಕಾದ ವಿಷಯಗಳ ಪಟ್ಟಿ ನಮಗೆಲ್ಲ ಗೊತ್ತಿರುವುದೇ. ಕನ್ನಡ ಶಾಲೆಗಳ ಸ್ಥಿತಿ, ಶಿಕ್ಷಕರ ಕೊರತೆ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿದ ಕಥೆ. ಅವೆಲ್ಲ ಬರೆಯತಕ್ಕ ವಿಷಯಗಳೇ. ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಾನು ಎತ್ತಿಕೊಂಡಿರುವುದು ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳದ ಒಂದು ವಿಷಯ. ದ್ವೇಷದ ಮಾತನ್ನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನವು ತನ್ನ ಅಧ್ಯಯನದ ವಸ್ತುವಾಗಿ ಸ್ವೀಕರಿಸಬೇಕು. ಅದನ್ನು ಸಂಗ್ರಹಿಸಬೇಕು, ವರ್ಗೀಕರಿಸಬೇಕು, ಕಾಪಿಡಬೇಕು. ಆ ಕೆಲಸ ನಮ್ಮಂಥ ಗಡಿಯ ಊರುಗಳಿಂದಲೇ ಮೊದಲಾಗಬೇಕು. ಇದಿಷ್ಟು ನನ್ನ ವಾದ. ಇದು ಸಂಘದ ಹಿರಿಯರಲ್ಲಿ ಕೆಲವರಿಗೆ ಹಿತವಾಗಲಾರದು ಎಂಬುದನ್ನು ಬಲ್ಲೆ.

ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಹತ್ತಿಬಂದ ಸತ್ಯಮಂಗಲದ ಬಸ್ಸು ಹಾಸನೂರಿನಲ್ಲಿ ನಿಂತಾಗ, ಇಳಿದವರು ಯಾವ ಭಾಷೆಯಲ್ಲಿ ಟೀ ಕೇಳಿದರೆಂದು ಯಾರೂ ಗಮನಿಸುವುದಿಲ್ಲ. ತಮಿಳಿನಲ್ಲಿ ಕೇಳಿದವರಿಗೆ ತಮಿಳಿನಲ್ಲಿ, ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಕಾಡಿನಿಂದ ಇಳಿದುಬಂದ ಸೋಲಿಗರ ಅಜ್ಜಿ ತನ್ನ ನುಡಿಯಲ್ಲೇ ವ್ಯಾಪಾರ ಮುಗಿಸುತ್ತಾಳೆ. ಇಲ್ಲಿಂದ ಮುಂದೆ ಕಾರಪಳ್ಳಂ ತಪಾಸಣಾ ಠಾಣೆ. ಕಬ್ಬಿನ ಲಾರಿಗಾಗಿ ರಸ್ತೆಯಲ್ಲಿ ಕಾದು ನಿಲ್ಲುವ ಆನೆಗಳು ಅಲ್ಲಿ ಪ್ರಸಿದ್ಧ. ಅದನ್ನು ದಾಟಿದರೆ ಪುಣಜನೂರು, ಕರ್ನಾಟಕ. ಆನೆಗೆ ಆ ಗೆರೆ ಕಾಣುವುದಿಲ್ಲ. ವರ್ಷದ ಬಹುಪಾಲು ದಿನ ನಮಗೂ ಕಾಣುವುದಿಲ್ಲ. ಕಾವೇರಿಯ ಕುರಿತು ಒಂದು ಆದೇಶ ಹೊರಬಿದ್ದ ದಿನ ಮಾತ್ರ ಆ ಗೆರೆ ಎದ್ದು ನಿಲ್ಲುತ್ತದೆ. ಬಸ್ಸುಗಳು ಗಡಿಯಲ್ಲೇ ತಿರುಗಿ ಹೋಗುತ್ತವೆ. ತರಕಾರಿ ತುಂಬಿದ ವಾಹನದ ಚಾಲಕ ತನ್ನ ನಂಬರ್ ಫಲಕವನ್ನು ನೆನೆದು ಹೆದರುತ್ತಾನೆ. ನಿನ್ನೆಯವರೆಗೆ ಎರಡು ಭಾಷೆ ಆಡುತ್ತಿದ್ದವರು ಇಂದು ಯಾವುದನ್ನು ಆಡಬೇಕೆಂದು ಒಂದು ಗಳಿಗೆ ತಡೆದು ಯೋಚಿಸುತ್ತಾರೆ. ದ್ವೇಷದ ಮಾತು ಏನು ಮಾಡಬಲ್ಲದು ಎಂಬುದಕ್ಕೆ ನಮಗೆ ಪುಸ್ತಕದ ಸಾಕ್ಷಿ ಬೇಡ.

ಆದರೆ ಮುಂದಿನವರಿಗೆ ಬೇಕು. ಅದನ್ನು ನಾವು ಉಳಿಸಿಲ್ಲ. ಈ ಆರೋಪವನ್ನು ನನ್ನಿಂದಲೇ ಆರಂಭಿಸುತ್ತೇನೆ.

1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳು ನಡೆದವು. ಮೈಸೂರು, ಚಾಮರಾಜನಗರದ ಸೀಮೆಗೂ ಹಬ್ಬಿದವು. ಸಾವಿರಾರು ಮಂದಿ ಮನೆಮಾರು ಬಿಟ್ಟು ತಮಿಳುನಾಡಿನ ಕಡೆಗೆ ಹೊರಟರು. ಆಗ ನಾನು ಈ ಬೆಟ್ಟಸೀಮೆಯ ಒಂದು ಶಾಲೆಯ ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದೆ. ಶಾಲೆಯ ಹೆಸರು ಬೇಡ, ತಪ್ಪು ನನ್ನದು. ಒಂದು ಬೆಳಿಗ್ಗೆ ಓದುವ ಕೋಣೆಯ ಮೇಜಿನ ಮೇಲೆ ಯಾರೋ ಒಂದು ಕಟ್ಟು ಕರಪತ್ರಗಳನ್ನು ಇಟ್ಟು ಹೋಗಿದ್ದರು. ಕೆಲವು ಕನ್ನಡದವು, ಕೆಲವು ತಮಿಳಿನವು. ಎರಡರಲ್ಲೂ ಎದುರಿನವರನ್ನು ಮನುಷ್ಯರೆಂದು ಕರೆದಿರಲಿಲ್ಲ. ಮಕ್ಕಳ ಕೈಗೆ ಸಿಗಬಾರದೆಂದು ಅಷ್ಟನ್ನೂ ಒಯ್ದು ಹಂಡೆಯ ಒಲೆಗೆ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಬಹಳ ವರ್ಷ ಕಳೆದೆ. ಆಮೇಲೊಮ್ಮೆ ಒಬ್ಬ ಯುವ ಸಂಶೋಧಕಿ ಬಂದು, ಆ ದಿನಗಳಲ್ಲಿ ಈ ಭಾಗದಲ್ಲಿ ಏನೇನು ಹಂಚಿದ್ದರು, ಯಾವ ಪದಗಳನ್ನು ಬಳಸಿದ್ದರು, ಕೆಳಗೆ ಮುದ್ರಣಾಲಯದ ಹೆಸರಿತ್ತೇ ಎಂದು ಕೇಳಿದಳು. ನನ್ನ ನೆನಪಿನಲ್ಲಿದ್ದುದು ಆ ದಿನದ ಸಿಟ್ಟು ಮಾತ್ರ. ಪದಗಳಿರಲಿಲ್ಲ, ಊರಿರಲಿಲ್ಲ, ಮುದ್ರಕನಿರಲಿಲ್ಲ. ಪುಸ್ತಕಗಳನ್ನು ಕಾಯುವುದೇ ವೃತ್ತಿಯಾಗಿದ್ದ ನಾನು ಸಾಕ್ಷಿಯನ್ನು ಸುಟ್ಟಿದ್ದೆ.

ಇದು ನನ್ನೊಬ್ಬನ ಅವಿವೇಕವಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ನಮ್ಮ ವಿದ್ಯೆಯೇ ಹಾಗಿದೆ. ಇಂದು ದ್ವೇಷ ಭಾಷಣವೆಂಬುದು ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆ ಒಳಗಾಗುವ ಬಗೆ ಹೆಚ್ಚಾಗಿ ಒಂದೇ: ಎಣಿಕೆ. ಅಂತರರಾಷ್ಟ್ರೀಯ ದತ್ತಸಂಚಯವೊಂದನ್ನು ತೆರೆಯುವುದು. ಆ ಎರಡು ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕುವುದು. ಎಷ್ಟು ಲೇಖನ ಬಂದಿವೆ, ಯಾವ ವರ್ಷ ಹೆಚ್ಚು, ಯಾವ ದೇಶ ಮುಂದು, ಯಾರನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಕೋಷ್ಟಕ ಬರೆಯುವುದು. ಎಣಿಕೆಯೂ ಒಂದು ವಿದ್ಯೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಎಣಿಸಿದ್ದು ದ್ವೇಷದ ಕುರಿತು ಪಂಡಿತರು ಬರೆದ ಪ್ರಬಂಧಗಳನ್ನೇ ಹೊರತು ದ್ವೇಷವನ್ನಲ್ಲ ಎಂಬ ವ್ಯತ್ಯಾಸ ಮರೆಯಬಾರದು. ನಾನು ಸುಟ್ಟ ಕರಪತ್ರ ಆ ಯಾವ ದತ್ತಸಂಚಯದಲ್ಲೂ ಇಲ್ಲ. ಸಂತೆಯಲ್ಲಿ ಕೇಳಿಸಿದ ಬೈಗುಳ, ಗೋಡೆಯ ಬರಹ, ಧ್ವನಿಸುರುಳಿಯಲ್ಲಿ ಸುತ್ತಾಡಿದ ಭಾಷಣ, ಇಂದು ಕೈಯಿಂದ ಕೈಗೆ ಹಾರುವ ಸಂದೇಶ, ಇವಾವುವೂ ಅಲ್ಲಿಲ್ಲ. ರೋಗವನ್ನು ಅರಿಯಬೇಕಾದವನು ವೈದ್ಯಗ್ರಂಥಗಳ ಪುಟಗಳನ್ನು ಎಣಿಸಿ ಎದ್ದುಹೋದ ಹಾಗಾಯಿತು.

ಗ್ರಂಥಪಾಲಕರು ಬಿಟ್ಟ ಜಾಗವನ್ನು ಗಣಕ ಭಾಷಾವಿಜ್ಞಾನಿಗಳು ತುಂಬಿದ್ದಾರೆ. ಅವರಿಗೆ ನಾವು ಋಣಿಗಳು. ಯೂಟ್ಯೂಬಿನ ಪ್ರತಿಕ್ರಿಯೆಗಳನ್ನು ಕಲೆಹಾಕಿ, ಇಂಗ್ಲಿಷ್ ಬೆರೆತ ತಮಿಳಿನಲ್ಲಿ ಸುಮಾರು 44,000, ಮಲಯಾಳದಲ್ಲಿ ಸುಮಾರು 20,000, ಕನ್ನಡದಲ್ಲಿ ಸುಮಾರು 7,000 ವಾಕ್ಯಗಳ ಭಂಡಾರವನ್ನು ಅವರು ಕಟ್ಟಿದರು. ಸ್ವಯಂಸೇವಕರು ಕುಳಿತು ಪ್ರತಿಯೊಂದಕ್ಕೂ ಗುರುತು ಹಾಕಿದರು. ಇದು ನಿಂದೆಯಲ್ಲ, ಇದು ಗುರಿಯಿಲ್ಲದ ನಿಂದೆ, ಇದು ವ್ಯಕ್ತಿಯ ನಿಂದೆ, ಇದು ಗುಂಪಿನ ನಿಂದೆ ಎಂಬ ಪಂಗಡಗಳ ಕೊನೆಯಲ್ಲಿ ಇನ್ನೊಂದು ಪಂಗಡವಿದೆ: ‘ಕನ್ನಡವಲ್ಲ’. ಯಂತ್ರಕ್ಕೆ ಕಲಿಸಲು ಅಂಥದೊಂದು ಪೆಟ್ಟಿಗೆ ಬೇಕೇ ಬೇಕು, ಒಪ್ಪಿದೆ. ಆದರೆ ತಾಳವಾಡಿಯ ರೈತನೊಬ್ಬ ಸಿಟ್ಟಿನಲ್ಲಿ ಆಡುವ ವಾಕ್ಯದ ಕರ್ತೃ ಕನ್ನಡ, ಬೈಗುಳ ತಮಿಳು, ಕ್ರಿಯಾಪದ ಎರಡರ ನಡುವಿನದು. ಅದನ್ನು ಯಾವ ಪೆಟ್ಟಿಗೆಗೆ ಹಾಕುವಿರಿ? ನಮ್ಮ ನುಡಿಯನ್ನು ಕನ್ನಡವಲ್ಲವೆಂದು ಆಚೆಗಿಟ್ಟರೆ ನಮ್ಮ ನಡುವಿನ ದ್ವೇಷವೂ ಆಚೆಗೇ ಉಳಿಯುತ್ತದೆ. ಯಾವ ಯಂತ್ರವೂ ಅದನ್ನು ಹಿಡಿಯಲಾರದು. ಇಲ್ಲಿ ಬೇಕಾದುದು ಈ ಮಣ್ಣಿನ ಮಾತನ್ನು ಬಲ್ಲ ಸೂಚೀಕಾರ.

ಹೆಸರಿನಲ್ಲೇ ತೊಡಕು ಮೊದಲಾಗುತ್ತದೆ. ಇದಕ್ಕೆ ಕನ್ನಡದಲ್ಲಿ ‘ದ್ವೇಷ ಭಾಷಣ’ ಎಂಬ ಪದ ರೂಢಿಗೆ ಬಂದಿದೆ. ಭಾಷಣವೆಂದೊಡನೆ ಕಣ್ಣಿಗೆ ಬರುವುದು ವೇದಿಕೆ, ಧ್ವನಿವರ್ಧಕ, ಪೊಲೀಸರು. ಕಾನೂನಿಗೆ ಅಷ್ಟು ಸಾಕು. ಹಿಂದೆ ಭಾರತೀಯ ದಂಡ ಸಂಹಿತೆಯ 153-ಎ ಆಗಿದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮು. ಕಾನೂನು ಆಯೋಗ 2017ರ ಮಾರ್ಚ್‌ನಲ್ಲಿ ಕೊಟ್ಟ 267ನೆಯ ವರದಿಯೂ ಈ ವಿಷಯವನ್ನೇ ಕುರಿತದ್ದು. ಕಾನೂನು ಹುಡುಕುವುದು ಅಪರಾಧಿಯನ್ನು. ನಾವು ಹುಡುಕಬೇಕಾದುದು ಮಾತು ಬಂದ ದಾರಿಯನ್ನು. ದ್ವೇಷದ ಬಹುಪಾಲು ಭಾಷಣವಾಗಿ ಬರುವುದಿಲ್ಲ. ಅಡ್ಡಹೆಸರಾಗಿ, ಗಾದೆಯಾಗಿ, ನಗೆಹನಿಯಾಗಿ ಬರುತ್ತದೆ. ಅದಕ್ಕೇ ನಾನು ‘ದ್ವೇಷದ ನುಡಿ’ ಎನ್ನುತ್ತೇನೆ.

ಒಂದು ಉದಾಹರಣೆ ಸಾಕು. ತಮಿಳರನ್ನು ಹೀಯಾಳಿಸಲು ಕನ್ನಡಿಗರು ‘ಕೊಂಗ’ ಎನ್ನುವುದುಂಟು. ಕೊಂಗು ಎಂಬುದು ಒಂದು ನಾಡಿನ ಹೆಸರು. ಕೊಯಮತ್ತೂರು, ಈರೋಡು ಸೀಮೆಗೆ ಬಹು ಹಿಂದಿನಿಂದ ಇರುವ ಗೌರವದ ಹೆಸರು. ಹಾಸನೂರು ಇರುವುದೂ ಅದೇ ಈರೋಡು ಜಿಲ್ಲೆಯಲ್ಲಿ. ಅಂದರೆ ಬೆಂಗಳೂರಿನ ಕನ್ನಡಿಗ ಆ ಪದವನ್ನು ಉಗುಳಿದಾಗ ಅದರ ಎಂಜಲು ಈ ಊರಿನ ಕನ್ನಡಿಗನ ಮೇಲೂ ಬೀಳುತ್ತದೆ. ಇತ್ತ ತಮಿಳಿನಲ್ಲಿ ‘ವಂದೇರಿ’ ಎಂಬ ಪದವಿದೆ. ಹೊರಗಿನಿಂದ ಬಂದು ಸೇರಿಕೊಂಡವನು ಎಂದು ಅರ್ಥ. ಕನ್ನಡ, ತೆಲುಗು ಮನೆಮಾತಿನವರನ್ನು ತಲೆತಲಾಂತರ ಕಳೆದರೂ ಹೊರಗಿನವರೆಂದು ತಳ್ಳಲು ಅದನ್ನು ಬಳಸುತ್ತಾರೆ. ನಾಡಿನ ಹೆಸರು ಯಾವಾಗ ಬೈಗುಳವಾಯಿತು? ಬಂದವನು ಎಂಬ ಸರಳ ಕ್ರಿಯೆ ಯಾವಾಗ ಆರೋಪವಾಯಿತು? ಯಾವ ವರ್ಷದ ಕರಪತ್ರದಲ್ಲಿ, ಯಾವ ಚುನಾವಣೆಯ ಸಭೆಯಲ್ಲಿ, ಯಾವ ಸಿನಿಮಾದ ಹಾಸ್ಯದಲ್ಲಿ? ಉತ್ತರ ಹೇಳಬೇಕಾದ ದಾಖಲೆಗಳನ್ನು ನಾವು ಒಲೆಗೆ ಹಾಕಿದ್ದೇವೆ.

ದಾಖಲೆ ಸಿಕ್ಕರೆ ಅದನ್ನು ಹೇಗೆ ವಿವರಿಸಬೇಕೆಂಬುದಕ್ಕೆ ನಾವು ಹೊರದೇಶದ ಕಡೆ ನೋಡಬೇಕಾಗಿಲ್ಲ. ಎಸ್. ಆರ್. ರಂಗನಾಥನ್ 1892ರಲ್ಲಿ ಶಿಯಾಳಿಯಲ್ಲಿ, ಅಂದರೆ ಕಾವೇರಿಯ ಮುಖಜ ಭೂಮಿಯಲ್ಲಿ, ಹುಟ್ಟಿದರು; ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; ಬಾಳಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ತಮಿಳರೊಬ್ಬರು ಕನ್ನಡ ನೆಲದಲ್ಲಿ ನೆಲೆ ಕಂಡರೆಂಬುದನ್ನು ಗಡಿಯ ಸಂಘಗಳು ಪದೇ ಪದೇ ನೆನೆಯಬೇಕು.

ಅವರು ಯಾವ ವಿಷಯವನ್ನಾದರೂ ಐದು ಮುಖಗಳಿಂದ ನೋಡಲು ಕಲಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಪುಸ್ತಕಗಳಿಗೆಂದು ಮಾಡಿದ ಈ ಕ್ರಮವನ್ನು ಒಂದು ದ್ವೇಷದ ಸಂದೇಶದ ಮೇಲಿಟ್ಟು ನೋಡಿ. ಯಾರ ವಿರುದ್ಧ? ಯಾವ ರೂಪದಲ್ಲಿ, ಬರಹವೇ, ಚಿತ್ರವೇ, ಧ್ವನಿಯೇ? ಏನು ಮಾಡಿರೆಂದು ಕೇಳುತ್ತದೆ, ಹೆದರಿರೆಂದೇ, ಓಡಿಸಿರೆಂದೇ, ಹೊಡೆಯಿರೆಂದೇ? ಎಲ್ಲಿಯದು? ಯಾವಾಗಿನದು? ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲದಿರುವುದೇ ಎಷ್ಟೋ ವದಂತಿಗಳ ಬಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಓಡಿ ಬಂದರಲ್ಲ, ಆ ದಿನಗಳಲ್ಲಿ ಮ್ಯಾನ್ಮಾರಿನ ಹತ್ಯಾಕಾಂಡದ್ದೆಂದು ಹರಿದಾಡಿದ ಚಿತ್ರಗಳಲ್ಲಿ ಒಂದು 2010ರಲ್ಲಿ ಟಿಬೆಟ್ ಪ್ರಸ್ಥಭೂಮಿಯಲ್ಲಾದ ಭೂಕಂಪದ್ದು. 2018ರಲ್ಲಿ ಮಕ್ಕಳ ಕಳ್ಳರೆಂಬ ಗುಲ್ಲು ದೇಶದಾದ್ಯಂತ ಜೀವ ತೆಗೆಯಿತು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಆ ವರ್ಷ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ್ದು. ಅದರ ಕೊನೆಯ ಭಾಗವನ್ನು ಕತ್ತರಿಸಿದ್ದರು. ದೇಶ, ಕಾಲ ಎಂಬ ಎರಡು ಚೀಟಿ ಹರಿದರೆ ಭೂಕಂಪ ಹತ್ಯಾಕಾಂಡವಾಗುತ್ತದೆ, ಪಾಠ ಅಪರಾಧವಾಗುತ್ತದೆ. ಹರಿದ ಚೀಟಿಯನ್ನು ಮತ್ತೆ ಅಂಟಿಸುವುದು ಗ್ರಂಥಪಾಲಕನ ಕಸುಬು. ಅದನ್ನು ಬಲ್ಲವರು ಈ ನಾಡಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅವರೂ ಮುಂದೆ ಬಂದಿಲ್ಲ.

ಇಲ್ಲಿ ಹಿರಿಯರ ಆಕ್ಷೇಪವನ್ನು ಕೇಳೋಣ. ‘ಹೊಲಸನ್ನು ಕಪಾಟಿನಲ್ಲಿಟ್ಟರೆ ಅದು ಪೂಜೆಗೆ ಬಂದೀತು; ಹಳೆಯ ಗಾಯವನ್ನು ಕೆರೆಯಬೇಡಿ.’ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಇತಿಹಾಸ ಬೇರೆ ಮಾತು ಹೇಳುತ್ತದೆ. ಆಲ್ಫ್ರೆಡ್ ವೀನರ್ ಎಂಬ ಜರ್ಮನ್ ಯೆಹೂದಿ ನಾಜಿಗಳ ಕರಪತ್ರ, ಪತ್ರಿಕೆ, ಭಾಷಣಗಳನ್ನು 1920ರ ದಶಕದ ಕೊನೆಯಿಂದಲೇ ಕಲೆಹಾಕತೊಡಗಿದರು. 1933ರಲ್ಲಿ ದೇಶ ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಮತ್ತೆ ಸಂಗ್ರಹ ಕಟ್ಟಿದರು. 1939ರಲ್ಲಿ ಅದನ್ನು ಲಂಡನ್ನಿಗೆ ಸಾಗಿಸಿದರು. ತಮ್ಮ ಕುಲವನ್ನೇ ಅಳಿಸಬೇಕೆಂದು ಬರೆದ ಕಾಗದಗಳನ್ನು ಅವರು ಜತನ ಮಾಡಿದರು. ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಗೆ ಅವು ಒದಗಿದವು. ಆ ಗ್ರಂಥಾಲಯ ಇಂದಿಗೂ ಲಂಡನ್ನಿನಲ್ಲಿ ತೆರೆದಿದೆ. ರುವಾಂಡದಲ್ಲಿ 1993-94ರಲ್ಲಿ ಒಂದು ರೇಡಿಯೊ ಕೇಂದ್ರ ತುತ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ ಕೊಲೆಗೆ ಹುರಿದುಂಬಿಸಿತು. ಪ್ರಸಾರದ ಧ್ವನಿಮುದ್ರಣಗಳು ಉಳಿದಿದ್ದುದರಿಂದಲೇ, ಅದನ್ನು ನಡೆಸಿದವರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವರ ಮಾತಿನಿಂದಲೇ ಅಪರಾಧಿಗಳೆಂದು ಸಾರಲು ಸಾಧ್ಯವಾಯಿತು. ತದ್ವಿರುದ್ಧವಾಗಿ, 2017ರಲ್ಲಿ ಯೂಟ್ಯೂಬ್ ಹಿಂಸೆಯ ದೃಶ್ಯಗಳನ್ನು ಯಂತ್ರದಿಂದ ಅಳಿಸಲು ಹೊರಟಾಗ ಸಿರಿಯಾದ ಯುದ್ಧಾಪರಾಧಗಳ ಸಾಕ್ಷಿಯಾಗಿದ್ದ ವಿಡಿಯೊಗಳೂ ಅಳಿಸಿಹೋದವು. ಅಳಿಸುವುದೂ ಶುದ್ಧೀಕರಿಸುವುದೂ ಒಂದೇ ಅಲ್ಲ.

ಕಾಪಿಡುವುದೆಂದರೆ ಬೀದಿಯಲ್ಲಿ ಹರಡುವುದಲ್ಲ. ಬೀಗವಿರಲಿ, ಓದಬಂದವರ ಉದ್ದೇಶವನ್ನು ದಾಖಲಿಸುವ ಪುಸ್ತಕವಿರಲಿ, ನೊಂದವರ ಹೆಸರು ಮರೆಯಲ್ಲಿರಲಿ, ಪ್ರತಿಯೊಂದು ಹಾಳೆಯ ಜೊತೆಗೂ ಅದರ ಊರು, ದಿನ, ಅದರಿಂದಾದ ಹಾನಿ, ಅದು ಸುಳ್ಳಾಗಿದ್ದರೆ ಸುಳ್ಳೆಂಬ ಟಿಪ್ಪಣಿ ಇರಲಿ. ವಿಷವನ್ನು ಔಷಧಾಲಯದಲ್ಲೂ ಇಡುತ್ತಾರೆ. ಅಲ್ಲಿ ಸೀಸೆಯ ಮೇಲೆ ಚೀಟಿ ಇರುತ್ತದೆ, ಕೀಲಿಕೈ ಒಬ್ಬರ ಬಳಿ ಇರುತ್ತದೆ.

ಆ ಚೀಟಿ ಬರೆಯುವವರೂ ಮೊದಲು ತಮ್ಮ ಕೈ ತೊಳೆದುಕೊಳ್ಳಬೇಕು. ಸೂಚಿಗಳೇ ದ್ವೇಷವನ್ನು ಹೊತ್ತು ತಂದ ನಿದರ್ಶನಗಳಿವೆ. ಸ್ಯಾನ್‌ಫೋರ್ಡ್ ಬರ್ಮನ್ ಎಂಬ ಅಮೆರಿಕದ ಗ್ರಂಥಪಾಲಕರು ಜಾಂಬಿಯಾದಲ್ಲಿ ಕೆಲಸ ಮಾಡುತ್ತಿದ್ದಾಗ, ತಮ್ಮ ದೇಶದ ಸಂಸತ್ ಗ್ರಂಥಾಲಯದ ವಿಷಯಶೀರ್ಷಿಕೆಗಳಲ್ಲಿ ಆಫ್ರಿಕದ ಜನರಿಗೆ ಕೊಟ್ಟ ಹೆಸರು ಅಲ್ಲಿನವರಿಗೆ ಬೈಗುಳವೆಂದು ಅರಿತರು. 1971ರಲ್ಲಿ ಅಂಥ ಶೀರ್ಷಿಕೆಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ದಶಮಾಂಶ ವರ್ಗೀಕರಣದ ಜನಕ ಮೆಲ್ವಿಲ್ ಡ್ಯೂಯಿಯ ಹೆಸರನ್ನು, ಆತನ ಜನಾಂಗ ದ್ವೇಷ ಮತ್ತು ಸ್ತ್ರೀಯರೊಡನೆಯ ವರ್ತನೆಯ ಕಾರಣದಿಂದ, ಅಮೆರಿಕದ ಗ್ರಂಥಾಲಯ ಸಂಘ 2019ರಲ್ಲಿ ತನ್ನ ಪದಕದಿಂದ ತೆಗೆಯಿತು. ನಮ್ಮಲ್ಲಿ 1871ರ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತ್ತು. ಅದು ರದ್ದಾದದ್ದು 1952ರಲ್ಲಿ. ಆ ಹೆಸರು ಸುಲಭವಾಗಿ ಸಾಯಲಿಲ್ಲ. ಇನ್ನೊಬ್ಬರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಸೂಚಿಯ ಚೀಟಿಯಲ್ಲೂ ಒಂದು ನೈತಿಕ ಪ್ರಶ್ನೆಯೇ.

ಇನ್ನು ಕಹಿಯಾದ ಮಾತಿಗೆ ಬರುತ್ತೇನೆ. ದ್ವೇಷದ ನುಡಿಯನ್ನು ಸಂಗ್ರಹಿಸೋಣ ಎಂದರೆ ನಮ್ಮಲ್ಲಿ ಹಲವರು ಉತ್ಸಾಹದಿಂದ ಒಪ್ಪಿಯಾರು, ತಮಿಳರು ನಮ್ಮನ್ನು ಅಂದದ್ದನ್ನು ಸಂಗ್ರಹಿಸುವ ಮಟ್ಟಿಗೆ. ಗಡಿನಾಡ ಕನ್ನಡಿಗನ ನೋವು ನಿಜ. ಆದರೆ 1991ರಲ್ಲಿ ಬೆಂಗಳೂರಿನಿಂದ ಓಡಿಬಂದವರು ತಮಿಳರು. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿ, ನವೆಂಬರ್ 15ರಂದು ಅವರು ಬಿಡುಗಡೆಯಾಗುವವರೆಗೆ, ಈ ಬೆಟ್ಟಗಳ ಜನ ಎರಡೂ ಕಡೆಯ ಸಂಶಯವನ್ನು ಉಂಡರು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಬ್ಬ ತಮಿಳು ಯುವಕನನ್ನು, ತಮಿಳುನಾಡಿನಲ್ಲಿ ಕರ್ನಾಟಕದ ವಾಹನಗಳ ಚಾಲಕರನ್ನು ಹೊಡೆದು, ಅದನ್ನು ಚಿತ್ರೀಕರಿಸಿ ಹಂಚಿದರು. ಒಂದು ಚಿತ್ರ ಇನ್ನೊಂದನ್ನು ಹುಟ್ಟಿಸಿತು. ಈ ಸರಪಳಿಯ ಅರ್ಧವನ್ನು ಮಾತ್ರ ಕಪಾಟಿನಲ್ಲಿಟ್ಟರೆ ಅದು ಸಂಗ್ರಹವಾಗುವುದಿಲ್ಲ, ಇನ್ನೊಂದು ಕರಪತ್ರವಾಗುತ್ತದೆ. ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ್ದನ್ನು ಹಾಡಿ ಸಭೆ ಆರಂಭಿಸುವ ನಾವು, ಅದೇ ವೇದಿಕೆಯಿಂದ ಚಪ್ಪಾಳೆಗಾಗಿ ಏನೇನು ಆಡಿದ್ದೇವೆಂಬುದನ್ನೂ ದಾಖಲಿಸುವ ಧೈರ್ಯ ತೋರಬೇಕು. 1991ರಿಂದ ಮುಸುಕಿನಲ್ಲಿದ್ದ ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್‌ನಲ್ಲಿ ಅನಾವರಣಗೊಂಡು, ಅದೇ ವಾರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ನಿಂತಿತು. ಇಬ್ಬರೂ ನಾಲಿಗೆಯ ಬಗ್ಗೆ ಎಚ್ಚರ ಹೇಳಿದವರೇ. ಪ್ರತಿಮೆಯ ಮುಸುಕು ತೆಗೆಯಲು 18 ವರ್ಷ ಹಿಡಿಯಿತು. ಆ 18 ವರ್ಷ ನಾವು ಏನೇನು ಆಡಿಕೊಂಡೆವು ಎಂಬುದರ ಮುಸುಕು ಇನ್ನೂ ತೆಗೆದಿಲ್ಲ.

ಈ ಬುದ್ಧಿ ನಮಗೆ ಪರಕೀಯವೂ ಅಲ್ಲ. ತಾಳವಾಡಿಯ ಬಳಿಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ನಡೆಯುವ ಗೋರೆಹಬ್ಬವನ್ನು ಹೊರಗಿನವರು ಸಗಣಿ ಎರಚಾಟವೆಂದು ನೋಡಿ ನಕ್ಕು ಹೋಗುತ್ತಾರೆ. ಅಲ್ಲಿ ಚಾಡಿಕೋರನೆಂಬ ಪಾತ್ರವಿರುವುದನ್ನು ಅವರು ಗಮನಿಸುವುದಿಲ್ಲ. ಒಬ್ಬನಿಗೆ ಹುಲ್ಲಿನ ಗಡ್ಡಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸುತ್ತಾರೆ. ಕೊನೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುತ್ತಾರೆ. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಮಾತನ್ನು ನಮ್ಮ ಹಿರಿಯರು ಮುಚ್ಚಿಡಲಿಲ್ಲ. ಅದಕ್ಕೊಂದು ಮುಖ ಕೊಟ್ಟು, ಎಲ್ಲರೂ ನೋಡುವಂತೆ ಬೀದಿಗೆ ತಂದು, ಗುರುತಿಸಿದ ಮೇಲೆಯೇ ಸುಟ್ಟರು. ನಾನು 1991ರಲ್ಲಿ ಗುರುತಿಸದೆಯೇ ಸುಟ್ಟೆ. ಅದೇ ವ್ಯತ್ಯಾಸ. ಇಂದಿನ ಚಾಡಿಕೋರನಿಗೆ ಮುಖವಿಲ್ಲ. ‘ಬಂದದ್ದನ್ನು ಕಳಿಸಿದೆ’ ಎಂಬ ಮರೆಯಲ್ಲಿ ಅವನು ನಮ್ಮೆಲ್ಲರ ಕೈಯಲ್ಲೂ ಇದ್ದಾನೆ.

ಆದುದರಿಂದ ಈ ಸಮಾವೇಶದ ಮುಂದೆ ನನ್ನ ಬೇಡಿಕೆಗಳು ಇವು. ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳು ಎಣಿಕೆಯ ಪ್ರಬಂಧಗಳ ಜೊತೆಗೆ ಕ್ಷೇತ್ರಕಾರ್ಯದ ಪ್ರಬಂಧಗಳನ್ನೂ ಬರೆಸಲಿ. ಗಡಿಯ ಕನ್ನಡವನ್ನೂ ತಮಿಳನ್ನೂ ಬಲ್ಲ ವಿದ್ಯಾರ್ಥಿಗಳನ್ನು ಕಳಿಸಲಿ. ಹೀಗಳೆಯುವ ಪದಗಳ, ಅವುಗಳ ಊರು ಕಾಲಗಳ ಸಹಿತವಾದ ಸೂಚಿಯೊಂದು ಸಿದ್ಧವಾಗಲಿ. ಗಡಿಯ ಎರಡೂ ಬದಿಯ ಶಾಲಾ ಗ್ರಂಥಪಾಲಕರು ಒಂದು ಸಂದೇಶಕ್ಕೆ ಐದು ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಕಲಿಸಲಿ. ಸಂಘ ತನ್ನ ಕಚೇರಿಯಲ್ಲಿ ಒಂದು ಬೀಗವಿರುವ ಕಪಾಟನ್ನು ಇದಕ್ಕೆಂದೇ ಇಡಲಿ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಉಳಿದಿರುವ ಹಳೆಯ ಕರಪತ್ರ, ಧ್ವನಿಸುರುಳಿ, ಪತ್ರಿಕೆಯ ತುಣುಕುಗಳನ್ನು ಸದಸ್ಯರು ತಂದುಕೊಡಲಿ. ಅದರ ಉಸ್ತುವಾರಿಯಲ್ಲಿ ಒಬ್ಬ ತಮಿಳು ಬಂಧುವೂ ಇರಲಿ. ಕೊನೆಯದಾಗಿ, ಆ ಕಪಾಟಿನಲ್ಲಿ ಮೊದಲು ಸೇರಬೇಕಾದುದು ನಮ್ಮದೇ ಹಳೆಯ ಸ್ಮರಣ ಸಂಚಿಕೆಗಳು. ನಾವೇ ಅವನ್ನು ಓದಿ, ಎಲ್ಲಿ ಅಭಿಮಾನ ಮುಗಿದು ಹಗೆ ಮೊದಲಾಗಿದೆಯೋ ಅಲ್ಲಿ ಗುರುತು ಹಾಕೋಣ.

ಮುಂದೆ ಇನ್ನೊಬ್ಬ ಸಂಶೋಧಕಿ ಘಟ್ಟ ಹತ್ತಿ ಬಂದು ನನ್ನಂಥವನನ್ನು ಕೇಳಿದಾಗ, ಅವನು ನೆನಪಿಗಾಗಿ ತಡಕಾಡಬಾರದು. ಕೀಲಿಕೈ ತೆಗೆದು, ಕಪಾಟು ತೆರೆದು, ‘ಇದು ಇಂಥ ಊರಿನದು, ಇಂಥ ದಿನದ್ದು, ಇದು ಅವರು ಬರೆದದ್ದು, ಇದು ನಾವು ಬರೆದದ್ದು’ ಎಂದು ಕೊಡುವಂತಾಗಬೇಕು.